ಯಾರ ಜೊತೆ ಯಾರನ್ನು ಆಡಿಸಬೇಕು? ಬ್ಯಾಸ್ಕೆಟ್‌ಬಾಲ್ ತಂಡಕ್ಕೊಂದು ನೋಟ್‌ಬುಕ್ ಲೆಕ್ಕ

ಕೊಡಗಿನಲ್ಲಿ ಐನ್‌ಮನೆ (ಕುಟುಂಬದ ಮೂಲ ಮನೆ) ಹಾಕಿಯದು. ಬ್ಯಾಸ್ಕೆಟ್‌ಬಾಲ್ ಜಗಲಿಯಲ್ಲಿ ಕೂತ ನೆಂಟ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರುಮಾಡಿದ ಹಾಕಿ ಹಬ್ಬ ಈಗ ಪ್ರತಿ ಬೇಸಿಗೆಯ ದೊಡ್ಡ ಸಂಭ್ರಮ. ಆ ದಿನಗಳಲ್ಲಿ ನಮ್ಮ ಅರ್ಧ ತಂಡ ಸ್ಟಿಕ್ ಹಿಡಿದು ಹೊರಟಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ಕೋರ್ಟಿನ ಮೇಲೆ ಪಾಚಿ. ಡಿಸೆಂಬರ್ ಬಂತೆಂದರೆ ಕಾಫಿ ಕುಯಿಲು, ಸ್ವಲ್ಪ ದೊಡ್ಡ ಹುಡುಗರು ಕಣದಲ್ಲಿ ಕಾಫಿ ಹರವುತ್ತಿರುತ್ತಾರೆ. ಇದೆಲ್ಲ ಕಳೆದು ಉಳಿಯುವುದು ವರ್ಷಕ್ಕೆ ಆರೋ ಎಂಟೋ ಮ್ಯಾಚು. ಈ ಲೇಖನ ಅಂಥ ತಂಡ ನಡೆಸುವವರಿಗೆ.

ನನಗೆ ಈ ಲೆಕ್ಕದ ಹುಚ್ಚು ಹತ್ತಿಸಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಕಾಲು ಉಳುಕಿಸಿಕೊಂಡು ಬೆಂಚಿನಲ್ಲಿ ಕೂತಿದ್ದಳು, ಸುಮ್ಮನೆ ಇರಲಾರದೆ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು. ಆ ಮ್ಯಾಚನ್ನು ನಾವು 3 ಪಾಯಿಂಟಿನಲ್ಲಿ ಸೋತೆವು. 7ನೇ ನಂಬರಿನ ಹುಡುಗಿ ಹಾಕಿದ್ದು ಒಂದೇ ಬಾಸ್ಕೆಟ್. ಮುಂದಿನ ಸಲ ಅವಳನ್ನು ಶುರುವಿನ ಐವರಲ್ಲಿ ಇಳಿಸುವುದಿಲ್ಲ ಎಂದು ನಾನು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿದ್ದೆ. ಆಗ ಇವಳು, "ಸರ್, ಅವಳು ಒಳಗಿದ್ದಾಗ ನಾವು 11 ಮುಂದೆ. ಹೊರಗೆ ಕೂತಾಗ 14 ಹಿಂದೆ" ಅಂದಳು.

ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆರಳಿನ ಮರ ಒಂದು ಕಾಳು ಕಾಫಿಯನ್ನೂ ಕೊಡುವುದಿಲ್ಲ. ಅದನ್ನು ಕಡಿದ ಮೇಲೆ ಕೆಳಗಿನ ಗಿಡಗಳು ಏನಾದವು ಎಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಸ್ಕೋರ್‌ಶೀಟು ಗಿಡದ ಇಳುವರಿ ಮಾತ್ರ ಬರೆಯುತ್ತದೆ. ನೆರಳಿನ ಮರವನ್ನು ಹುಡುಕುವ ಲೆಕ್ಕಕ್ಕೆ ಲೈನ್‌ಅಪ್ ಅಂಕಿಅಂಶ ಎನ್ನುತ್ತಾರೆ: ಕೋರ್ಟಿನಲ್ಲಿ ಯಾವ ಐವರು ಇದ್ದಾಗ ನಾವು ಎಷ್ಟು ಹಾಕಿದೆವು, ಎಷ್ಟು ಬಿಟ್ಟುಕೊಟ್ಟೆವು.

ತಮಾಷೆಯೆಂದರೆ ಇದರ ಮೂಲವೂ ಹಾಕಿಯೇ, ಮಂಜುಗಡ್ಡೆಯ ಮೇಲಿನದು. 1950ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಪ್ಲಸ್-ಮೈನಸ್ ಲೆಕ್ಕ ಇಡಲು ಶುರುಮಾಡಿತು: ಒಬ್ಬ ಆಟಗಾರ ಒಳಗಿದ್ದಾಗ ತಂಡ ಹಾಕಿದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಬರುವ ಅಂಕಿ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬಾಕ್ಸ್‌ಸ್ಕೋರಿನಲ್ಲಿ (ಮ್ಯಾಚಿನ ಅಂಕಿಪಟ್ಟಿ) ಅದು ಕಾಣಿಸಿಕೊಂಡಿದ್ದು 2007-08ರ ಹೊತ್ತಿಗೆ. ನಮ್ಮ ಹಾಕಿಗೆ ಇದು ಅಷ್ಟು ಒಗ್ಗುವುದಿಲ್ಲ. 2-1ರಲ್ಲಿ ಮುಗಿಯುವ ಮ್ಯಾಚಿನಲ್ಲಿ ಮೂರು ಗೋಲು ಇಟ್ಟುಕೊಂಡು ಯಾರ ಹಣೆಬರಹ ಬರೆಯುವುದು? ಬ್ಯಾಸ್ಕೆಟ್‌ಬಾಲಿನಲ್ಲಾದರೆ ಎರಡೂ ಕಡೆ ಸೇರಿ ನೂರರ ಮೇಲೆ ಪಾಯಿಂಟು ಬೀಳುತ್ತದೆ, ಅಳೆಯಲು ಏನಾದರೂ ಸಿಗುತ್ತದೆ.

ಹೆಜ್ಜೆ 1: ಬದಲಿ ಇಳಿದಾಗಲೆಲ್ಲ ಒಂದು ಸಾಲು

ಟೇಬಲ್ಲಿನ ಅಧಿಕೃತ ಸ್ಕೋರ್‌ಶೀಟನ್ನು ನಂಬಿ ಕೂರಬೇಡಿ. ಅದರಲ್ಲಿ ಶುರುವಿನ ಐವರಿಗೆ ಗುಣಾಕಾರ ಚಿಹ್ನೆ ಹಾಕಿ ಸುತ್ತು ಹಾಕಿರುತ್ತಾರೆ, ಆಮೇಲೆ ಇಳಿದವರಿಗೆ ಬರೀ ಚಿಹ್ನೆ. ಯಾರು ಎಷ್ಟು ಹೊತ್ತಿಗೆ ಇಳಿದರು, ಯಾವಾಗ ಹೊರಬಂದರು, ಮತ್ತೆ ಯಾವಾಗ ಹೋದರು ಎನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಆದ್ದರಿಂದ ನಮ್ಮದೇ ಪುಸ್ತಕ ಬೇಕು.

ರೂಲು ಹಾಕಿದ ನೋಟ್‌ಬುಕ್ ಸಾಕು. ಬದಲಿ ಆದಾಗಲೆಲ್ಲ ನಾಲ್ಕು ವಿಷಯ: ಗಡಿಯಾರದಲ್ಲಿ ಉಳಿದ ಸಮಯ, ಹೊರಬಂದ ನಂಬರ್, ಒಳಹೋದ ನಂಬರ್, ಆ ಹೊತ್ತಿನ ಸ್ಕೋರ್. ಒಂದು ಕ್ವಾರ್ಟರ್ ಹೀಗೆ ಕಾಣುತ್ತದೆ (ಇಲ್ಲಿಂದ ಮುಂದೆ ಬರುವ ನಮ್ಮ ತಂಡದ ಅಂಕಿಗಳೆಲ್ಲ ವಿವರಿಸಲು ಕಟ್ಟಿಕೊಂಡ ಉದಾಹರಣೆಗಳು):

10:00 — 4, 7, 9, 11, 15 — 0-0
6:12 — 9 ಹೊರಗೆ, 5 ಒಳಗೆ — 8-5
3:40 — 15 ಹೊರಗೆ, 12 ಒಳಗೆ — 10-12
0:00 — ಕ್ವಾರ್ಟರ್ ಮುಗಿಯಿತು — 15-16

ಎರಡು ಸಾಲುಗಳ ನಡುವಿನ ಹೊತ್ತು ಒಂದು ತುಂಡು. ಮೊದಲ ತುಂಡಿನಲ್ಲಿ ಐವರೂ ಪ್ಲಸ್ 3. ಎರಡನೆಯದರಲ್ಲಿ ನಾವು 2 ಹಾಕಿ 7 ಬಿಟ್ಟೆವು, ಮೈನಸ್ 5. ಮೂರನೆಯದರಲ್ಲಿ 5-4, ಪ್ಲಸ್ 1. ಒಟ್ಟು ಮೈನಸ್ 1, ಸ್ಕೋರಿಗೆ ತಾಳೆಯಾಯಿತು.

ಈ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರು ನೋಡಿ ಹೇಳಲು, ಇನ್ನೊಬ್ಬರು ಬರೆಯಲು. ಒಬ್ಬರೇ ಕೂತರೆ ಒಳ್ಳೆಯ ಫಾಸ್ಟ್‌ಬ್ರೇಕ್ ನೋಡುತ್ತ ಬದಲಿಯನ್ನು ಬಿಟ್ಟುಬಿಡುತ್ತಾರೆ; ನಾನೇ ಎಷ್ಟೋ ಸಲ ಬಿಟ್ಟಿದ್ದೇನೆ. ಕೋಚ್ ಸ್ವತಃ ಬರೆಯಲು ಹೋಗಲೇಬಾರದು.

ಸಿಕ್ಕಿಹಾಕಿಕೊಳ್ಳುವ ಜಾಗ ಫ್ರೀ ಥ್ರೋ, ಅಂದರೆ ಫೌಲ್ ಆದದ್ದಕ್ಕೆ ಸಿಗುವ ಅಡ್ಡಿಯಿಲ್ಲದ ಶಾಟು. ಫೌಲ್ ಆದಾಗ ಒಳಗಿದ್ದವರು ಒಬ್ಬರು, ಶೀಟಿ ಊದಿದ ಮೇಲೆ ಬದಲಿ ಆಗಿ ಫ್ರೀ ಥ್ರೋ ಹೊಡೆಯುವಾಗ ಒಳಗಿರುವವರು ಇನ್ನೊಬ್ಬರು. ಆ ಪಾಯಿಂಟು ಯಾರ ಖಾತೆಗೆ? ಫೌಲ್ ಆದಾಗ ಇದ್ದವರ ಖಾತೆಗೇ ಬರೆಯಿರಿ. ಈಗ ತಾನೇ ಬೆಂಚಿನಿಂದ ಎದ್ದು ಬಂದವಳು ಆ ಫೌಲ್ ಮಾಡಿಲ್ಲ.

ಮ್ಯಾಚು ಮುಗಿದ ಕೂಡಲೇ, ವ್ಯಾನು ಹತ್ತುವ ಮೊದಲೇ, ಎರಡು ತಾಳೆ ನೋಡಿ. ಎಲ್ಲ ತುಂಡುಗಳ ವ್ಯತ್ಯಾಸ ಕೂಡಿದರೆ ಮ್ಯಾಚಿನ ವ್ಯತ್ಯಾಸ ಬರಬೇಕು. ಎಲ್ಲ ಆಟಗಾರರ ಪ್ಲಸ್-ಮೈನಸ್ ಕೂಡಿದರೆ ಅದರ ಐದು ಪಟ್ಟು ಬರಬೇಕು. 3ರಲ್ಲಿ ಸೋತಿದ್ದರೆ ಮೈನಸ್ 15. ಬರದಿದ್ದರೆ ಎಲ್ಲೋ ಒಂದು ಬದಲಿ ತಪ್ಪಿದೆ. ಆಗಲೇ ಮಕ್ಕಳನ್ನು ಕೇಳಿದರೆ ನೆನಪಿರುತ್ತದೆ, ಮರುದಿನ ಯಾರಿಗೂ ನೆನಪಿರುವುದಿಲ್ಲ.

ಹೆಜ್ಜೆ 2: ನಿಮಿಷ ಬಿಟ್ಟು ಪೊಸೆಷನ್ ಎಣಿಸಿ

ಓಡುವ ತಂಡದ ಐದು ನಿಮಿಷವೂ ನಿಧಾನದ ತಂಡದ ಐದು ನಿಮಿಷವೂ ಒಂದೇ ಅಲ್ಲ. ಚೆಂಡು ನಮ್ಮ ಕೈಗೆ ಬಂದು ಎದುರಾಳಿ ಕೈಗೆ ಹೋಗುವವರೆಗೆ ಒಂದು ಪೊಸೆಷನ್. ನಾವೇ ಹೊಡೆದು ತಪ್ಪಿ, ನಾವೇ ರೀಬೌಂಡ್ (ತಪ್ಪಿ ಪುಟಿದ ಚೆಂಡು) ಹಿಡಿದರೆ ಅದೇ ಪೊಸೆಷನ್ ಮುಂದುವರಿಯಿತು, ಹೊಸ ಗೆರೆ ಬೇಡ. ನೋಟ್‌ಬುಕ್ಕಿನ ಪ್ರತಿ ತುಂಡಿನ ಎದುರು ನಮಗೊಂದು ಎದುರಾಳಿಗೊಂದು ಗೆರೆ ಹಾಕುತ್ತ ಹೋಗಿ, ಕುಯಿಲಿನಲ್ಲಿ ಚೀಲ ಎಣಿಸಿದ ಹಾಗೆ. ಚೆಂಡು ಒಮ್ಮೆ ಇತ್ತ ಒಮ್ಮೆ ಅತ್ತ ಹೋಗುವುದರಿಂದ ಎರಡೂ ಕಡೆಯ ಎಣಿಕೆ ಹೆಚ್ಚುಕಡಿಮೆ ಸಮ ಬರಬೇಕು. ಒಂದು ಕ್ವಾರ್ಟರಿನಲ್ಲಿ ನಾಲ್ಕೈದು ವ್ಯತ್ಯಾಸ ಬಂದರೆ ಎಣಿಸಿದವರು ನಿದ್ದೆ ಮಾಡಿದ್ದಾರೆ.

ಗೆರೆ ಹಾಕಲು ಆಗದಿದ್ದರೆ ಅಂದಾಜಿನ ಸೂತ್ರ ಇದೆ: ಹೊಡೆದ ಶಾಟುಗಳು, ಕಳೆ ನಾವೇ ಹಿಡಿದ ಆಫೆನ್ಸಿವ್ ರೀಬೌಂಡ್, ಕೂಡು ಟರ್ನೋವರ್ (ಶಾಟು ಹೊಡೆಯದೆ ಕಳೆದುಕೊಂಡ ಚೆಂಡು), ಕೂಡು ಫ್ರೀ ಥ್ರೋಗಳ 0.44 ಪಾಲು. ಎರಡು ಫ್ರೀ ಥ್ರೋ ಸೇರಿ ಸಾಮಾನ್ಯವಾಗಿ ಒಂದು ಪೊಸೆಷನ್ ಮುಗಿಸುತ್ತವೆ, ಬಾಸ್ಕೆಟ್ ಆದ ಮೇಲೆ ಸಿಗುವ ಒಂದು ಹೆಚ್ಚುವರಿ ಫ್ರೀ ಥ್ರೋ ಹೊಸದನ್ನು ಮುಗಿಸುವುದಿಲ್ಲ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಆ 0.44 ಎನ್‌ಬಿಎ ಆಟ ನೋಡಿ ಕಟ್ಟಿದ್ದು. ನಮ್ಮ ಮಟ್ಟದಲ್ಲಿ ಗೆರೆಯೇ ಸುಲಭ, ಗೆರೆಯೇ ಸರಿ.

ಹೆಜ್ಜೆ 3: ನೂರಕ್ಕೆ ಎಷ್ಟು

ಒಂದು ಐವರ ಕೂಟ ಎರಡು ಮ್ಯಾಚಿನಲ್ಲಿ ಸೇರಿ 42 ಪೊಸೆಷನ್ ಆಡಿ 44 ಹಾಕಿ 35 ಬಿಟ್ಟಿತು ಎನ್ನಿ. ನೂರಕ್ಕೆ ಹಾಕಿದ್ದು 104.8, ಬಿಟ್ಟಿದ್ದು 83.3. ವ್ಯತ್ಯಾಸ ಪ್ಲಸ್ 21.4. ಇದಕ್ಕೆ ನೆಟ್ ರೇಟಿಂಗ್ ಎನ್ನುತ್ತಾರೆ. ಇಷ್ಟೇ ಗಣಿತ.

ಪ್ಲಸ್ 21 ಕಂಡ ಕೂಡಲೇ ಕೋಚಿಗೆ ಚಿನ್ನ ಸಿಕ್ಕ ಹಾಗೆ ಆಗುತ್ತದೆ. ಇದೇ ನಮ್ಮ ಐವರು, ಇನ್ನು ಬದಲಾಯಿಸುವುದೇ ಬೇಡ! ಆ ಸಂತೋಷವನ್ನು ಒಂದು ರಾತ್ರಿ ಮಟ್ಟಿಗೆ ಇಟ್ಟುಕೊಳ್ಳಿ, ಆಮೇಲೆ ಮುಂದಿನ ಹೆಜ್ಜೆ ಓದಿ.

ಹೆಜ್ಜೆ 4: ಒಂದು ದಿನದ ಮಳೆ ನೋಡಿ ವರ್ಷ ಹೇಳಬೇಡಿ

ಇಡೀ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಈ ಭಾಗ. ಉಳಿದದ್ದನ್ನು ಯಾರಾದರೂ ಹೇಳಿಕೊಡುತ್ತಾರೆ.

ನಮ್ಮ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಎಂದು ಬರೆಯುತ್ತಾರೆ. ಜುಲೈನ ಒಂದು ದಿನ ಎಂಟು ಇಂಚು ಬಿತ್ತೆಂದು ಈ ವರ್ಷ ಭಾರೀ ಮಳೆ ಎಂದು ಆ ಪುಸ್ತಕ ಬರೆಯುವವರು ಯಾರೂ ಹೇಳುವುದಿಲ್ಲ. ಹಿಂದಿನ ವರ್ಷಗಳ ಹಾಳೆ ತಿರುವುತ್ತಾರೆ. ಬ್ಯಾಸ್ಕೆಟ್‌ಬಾಲ್ ಕೋಚುಗಳಿಗೆ ಆ ತಾಳ್ಮೆ ಕಡಿಮೆ.

ಒಂದು ಪೊಸೆಷನ್‌ನಲ್ಲಿ ಬರುವುದು 0, 2, 3, ಕೆಲವೊಮ್ಮೆ 1. ಚೆಂಡು ರಿಂಗಿನ ಅಂಚಿಗೆ ತಾಗಿ ಒಳಗೆ ಬೀಳುವುದೋ ಹೊರಗೆ ಬೀಳುವುದೋ, ಇದರಿಂದಲೇ ಲೆಕ್ಕ ಹಾರಾಡುತ್ತದೆ. ಆ ಹಾರಾಟ ಎಷ್ಟೆಂದು ಅಂದಾಜಿಸಲು ನಾನು ಬಳಸುವ ದಾರಿ ಹೀಗೆ: ಎರಡೂ ತಂಡಗಳ ಪೊಸೆಷನ್ ಕೂಡಿ, ವರ್ಗಮೂಲ ತೆಗೆದು, 1.1ರಿಂದ ಗುಣಿಸಿ. ಮೇಲಿನ ಕೂಟಕ್ಕೆ 42 ಮತ್ತು 42, ಒಟ್ಟು 84, ವರ್ಗಮೂಲ 9.2, ಗುಣಿಸಿದರೆ ಸುಮಾರು 10. ಎಂದರೆ ಎದುರಾಳಿಗೆ ಸರಿಸಮನಾದ ಐವರು ಆಡಿದರೂ ಅಷ್ಟು ಹೊತ್ತಿನಲ್ಲಿ 10 ಪಾಯಿಂಟಿನ ಆಚೀಚೆ ಬರುವುದು ಮಾಮೂಲು. ನಮ್ಮ ಚಿನ್ನದ ಕೂಟಕ್ಕೆ ಬಂದಿದ್ದು ಪ್ಲಸ್ 9. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತಿತ್ತು.

ಹಾಗಾದರೆ ಎಷ್ಟು ಆಡಿಸಿದರೆ ನಂಬಬಹುದು? 400 ಪೊಸೆಷನ್ ಆಡಿದ ಕೂಟಕ್ಕೂ ನೂರಕ್ಕೆ 8ರಷ್ಟು ಹಾರಾಟ ಉಳಿದೇ ಇರುತ್ತದೆ. 40 ನಿಮಿಷದ ಮ್ಯಾಚಿನಲ್ಲಿ ಒಂದು ತಂಡಕ್ಕೆ 70ರ ಆಸುಪಾಸು ಪೊಸೆಷನ್ ಸಿಗುತ್ತದೆ ಎಂದು ಹಿಡಿಯೋಣ. ಒಂದೇ ಐವರು ಮ್ಯಾಚಿಗೆ 12 ನಿಮಿಷ ಒಟ್ಟಿಗೆ ಆಡಿದರೆ 21. ಹೀಗೆ 400 ಮುಟ್ಟಲು 19 ಮ್ಯಾಚು ಬೇಕು. ನಮಗೆ ವರ್ಷಕ್ಕೆ ಎಂಟು. ಮುಂದಿನ ವರ್ಷ ಆ ಐವರಲ್ಲಿ ಇಬ್ಬರು ಪಿಯುಸಿಗೆ ಮೈಸೂರಿಗೋ ಮಂಗಳೂರಿಗೋ ಹೋಗಿರುತ್ತಾರೆ.

ಸಾಲದ್ದಕ್ಕೆ 10 ಜನರ ತಂಡದಿಂದ 252 ಬೇರೆಬೇರೆ ಐವರ ಕೂಟ ಮಾಡಬಹುದು, 12 ಜನರಿಂದ 792. ಅಷ್ಟರಲ್ಲಿ ಯಾವುದೋ ಒಂದು ಪ್ಲಸ್ 40 ತೋರಿಸಿಯೇ ತೋರಿಸುತ್ತದೆ. ಅದನ್ನು ಹಿಡಿದು ಕುಣಿಯುವುದು ಲಾಟರಿ ಗೆದ್ದವನ ಬುದ್ಧಿವಂತಿಕೆ ಹೊಗಳಿದ ಹಾಗೆ.

ಹೆಜ್ಜೆ 5: ಐವರನ್ನು ಬಿಟ್ಟು ಜೋಡಿ ನೋಡಿ

10 ಜನರಲ್ಲಿ ಜೋಡಿಗಳು 45 ಮಾತ್ರ, ಪ್ರತಿ ಜೋಡಿಯೂ ಹೆಚ್ಚು ಹೊತ್ತು ಒಟ್ಟಿಗೆ ಆಡಿರುತ್ತದೆ. ನಿಮಗೆ ಅನುಮಾನ ಇರುವ ಒಂದು ಜೋಡಿಯನ್ನು ತೆಗೆದುಕೊಂಡು ನಾಲ್ಕು ಮನೆ ಮಾಡಿ. ನಮ್ಮ ಉದಾಹರಣೆಯಲ್ಲಿ 4 ಮತ್ತು 9, ಇಬ್ಬರೂ ಗಾರ್ಡುಗಳು (ಚೆಂಡು ನಡೆಸುವವರು), ಇಬ್ಬರಿಗೂ ಚೆಂಡು ತಮ್ಮ ಕೈಯಲ್ಲೇ ಇರಬೇಕು. ಆರು ಮ್ಯಾಚಿನ 420 ಪೊಸೆಷನ್ ಹೀಗೆ ಹಂಚಿಕೆಯಾಯಿತು:

ಇಬ್ಬರೂ ಒಳಗೆ: 150 ಪೊಸೆಷನ್, ಹಾಕಿದ್ದು 151, ಬಿಟ್ಟಿದ್ದು 168
4 ಮಾತ್ರ: 110 ಪೊಸೆಷನ್, 112, 101
9 ಮಾತ್ರ: 100 ಪೊಸೆಷನ್, 99, 94
ಇಬ್ಬರೂ ಹೊರಗೆ: 60 ಪೊಸೆಷನ್, 48, 57

ಒಬ್ಬೊಬ್ಬರೇ ಇದ್ದಾಗ ತಂಡ ಮುಂದೆ, ಇಬ್ಬರೂ ಸೇರಿದಾಗ ಮೈನಸ್ 17. ಇಲ್ಲಿಗೆ ನಿಲ್ಲಿಸಿದ್ದರೆ "ಒಂದು ಚೆಂಡಿಗೆ ಇಬ್ಬರು ಕಿತ್ತಾಡುತ್ತಾರೆ, ನಾನು ಮೊದಲೇ ಹೇಳಿದ್ದೆ" ಎಂದು ಎದೆ ಉಬ್ಬಿಸಬಹುದಿತ್ತು. ಆದರೆ ಹಾಕಿದ ಪಾಯಿಂಟು ನೋಡಿ. ಇಬ್ಬರೂ ಇದ್ದಾಗಲೂ ನೂರಕ್ಕೆ ಸುಮಾರು 101, ಒಬ್ಬೊಬ್ಬರೇ ಇದ್ದಾಗಲೂ ಅಷ್ಟೇ. ಕಿತ್ತಾಟದ ಗುರುತೇ ಇಲ್ಲ. ಕೆಟ್ಟಿರುವುದು ಡಿಫೆನ್ಸ್. ಒಬ್ಬರೇ ಇದ್ದಾಗಿನ ದರದಲ್ಲಿ 150 ಪೊಸೆಷನ್‌ಗೆ 139 ಬಿಡಬೇಕಿತ್ತು, ಬಿಟ್ಟಿದ್ದು 168. ಒಂದೇ ಕಡೆಯ 150 ಪೊಸೆಷನ್‌ಗೆ ಮಾಮೂಲು ಹಾರಾಟ 13 ಅಥವಾ 14. ಹೋಲಿಕೆಗೆ ಹಿಡಿದ 139 ಕೂಡ ಸ್ವಲ್ಪ ಅತ್ತಿತ್ತ ಆಗುವ ಅಂಕಿಯೇ. ಆದರೂ 29ರ ಅಂತರವನ್ನು ಕಣ್ಣು ಮುಚ್ಚಿ ಬಿಡಲಾಗದು. ತೀರ್ಪು ಕೊಡುವಷ್ಟಿಲ್ಲ, ವಿಚಾರಣೆ ಮಾಡುವಷ್ಟಿದೆ.

ವಿಚಾರಣೆಗೆ ನಾಲ್ಕು ಬಾಗಿಲು. ಡೀನ್ ಆಲಿವರ್ ಎಂಬ ಅಮೆರಿಕದ ವಿಶ್ಲೇಷಕರು ಬ್ಯಾಸ್ಕೆಟ್‌ಬಾಲ್ ಗೆಲುವನ್ನು ನಾಲ್ಕು ಅಂಶಗಳಾಗಿ ಬಿಡಿಸಿದ್ದಾರೆ: ಶೂಟಿಂಗ್, ಟರ್ನೋವರ್, ರೀಬೌಂಡ್, ಫ್ರೀ ಥ್ರೋ. ಎದುರಾಳಿ ಹೆಚ್ಚು ಪಾಯಿಂಟ್ ಹಾಕಿದ್ದು ಇವುಗಳಲ್ಲಿ ಯಾವ ಬಾಗಿಲಿನಿಂದ? ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಆ 150 ಪೊಸೆಷನ್ ಮಾತ್ರ ನೋಡಿ. ಇಬ್ಬರು ಗಿಡ್ಡ ಗಾರ್ಡುಗಳು ಒಟ್ಟಿಗೆ ಇದ್ದಾಗ ಸಾಮಾನ್ಯವಾಗಿ ಸಿಗುವುದು ರೀಬೌಂಡಿನ ಬಾಗಿಲು: ಎದುರಾಳಿ ತಪ್ಪಿ ಹೊಡೆದ ಚೆಂಡನ್ನು ತಾನೇ ಹಿಡಿದು ಮತ್ತೆ ಹಾಕುತ್ತಾನೆ. ಹಾಗಿದ್ದರೆ ಜೋಡಿಯನ್ನು ಒಡೆಯುವ ಅಗತ್ಯವೇ ಇಲ್ಲ. ಅವರ ಜೊತೆ ಮೂರನೆಯವರಾಗಿ ಯಾರನ್ನು ನಿಲ್ಲಿಸಬೇಕು ಎಂಬುದಷ್ಟೇ ಪ್ರಶ್ನೆ.

ಹೆಜ್ಜೆ 6: ಲೆಕ್ಕ ಸುಳ್ಳು ಹೇಳುವ ಜಾಗಗಳು

20 ಪಾಯಿಂಟಿನ ಅಂತರ ಬಿದ್ದ ಮೇಲಿನ ಕೊನೆಯ ಕ್ವಾರ್ಟರನ್ನು ಬೇರೆ ಪುಟದಲ್ಲಿ ಬರೆಯಿರಿ. ಆಗ ಎರಡೂ ಕಡೆ ಬೆಂಚಿನವರು, ಆಟ ಬೇರೆ.

ಎದುರಾಳಿ ಯಾರು ಎಂದೂ ಗುರುತು ಹಾಕಿ. ಮೈಸೂರಿನ ಕ್ರೀಡಾ ಹಾಸ್ಟೆಲಿನಂಥ ತಂಡದ ಎದುರು ಮೈನಸ್ 6 ಬಂದರೆ ಅದು ಪಕ್ಕದೂರಿನ ಹೊಸ ತಂಡದ ಎದುರು ಬಂದ ಪ್ಲಸ್ 10ಕ್ಕಿಂತ ಹೆಚ್ಚು ಬೆಲೆಯದ್ದಿರಬಹುದು. ಶುರುವಿನ ಐವರಿಗೆ ಯಾವಾಗಲೂ ಎದುರಾಳಿಯ ಶುರುವಿನ ಐವರೇ ಗಂಟುಬೀಳುತ್ತಾರೆ. ಆರನೆಯವನಾಗಿ ಇಳಿಯುವ ಹುಡುಗನ ಪ್ಲಸ್ ಚೆನ್ನಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ತೊಡಕಿನದು, ಯಾವಾಗಲೂ ಒಟ್ಟಿಗೇ ಇಳಿದು ಒಟ್ಟಿಗೇ ಹೊರಬರುವ ಇಬ್ಬರು. ಅವರಲ್ಲಿ ಯಾರಿಂದ ಒಳ್ಳೆಯದಾಯಿತು ಎಂದು ಜಗತ್ತಿನ ಯಾವ ಗಣಿತವೂ ಹೇಳಲಾರದು. ಅಂಥವರು ಕೆಲವೊಮ್ಮೆಯಾದರೂ ಬೇರೆಬೇರೆ ಇಳಿದಿದ್ದರೆ ಅದನ್ನು ಬಿಡಿಸಲು ದೊಡ್ಡ ಲೀಗುಗಳಲ್ಲಿ ಅಡ್ಜಸ್ಟೆಡ್ ಪ್ಲಸ್-ಮೈನಸ್ ಎಂಬ ವಿಧಾನ ಬಂತು. ಡಲ್ಲಾಸ್ ಮೇವರಿಕ್ಸ್ ತಂಡಕ್ಕಾಗಿ ವೇಯ್ನ್ ವಿನ್‌ಸ್ಟನ್ ಮತ್ತು ಜೆಫ್ ಸಗಾರಿನ್ ಅಂಥ ಲೆಕ್ಕ ಮಾಡಿಕೊಟ್ಟರು, 2004ರಲ್ಲಿ ಡ್ಯಾನ್ ರೋಸೆನ್‌ಬಾಮ್ ಅದನ್ನು ಎಲ್ಲರಿಗೂ ತಿಳಿಯುವಂತೆ ಬರೆದರು. ಸಾವಿರಾರು ತುಂಡುಗಳ ದಾಖಲೆ ಇದ್ದರೆ ಅದು ಸರಿ. ಎಂಟು ಮ್ಯಾಚಿನ ನೋಟ್‌ಬುಕ್ಕಿಗೆ ಅದನ್ನು ಹಚ್ಚುವುದು ಗದ್ದೆಯ ಬದುವಿಗೆ ರೋಡ್ ರೋಲರ್ ತಂದ ಹಾಗೆ. ನಾವು ಮಾಡಬಹುದಾದ್ದು, ಆ ಇಬ್ಬರನ್ನು ಆಗಾಗ ಬೇಕೆಂದೇ ಬೇರೆಬೇರೆ ಇಳಿಸುವುದು.

ಹೆಜ್ಜೆ 7: ಅಂಕಿಗೆ ನೀರು ಬೆರೆಸಿ, ಆಮೇಲೆ ಬಳಸಿ

ಆ ದೊಡ್ಡ ಲೆಕ್ಕಗಳಿಂದ ನಾನು ಕದ್ದುಕೊಂಡಿದ್ದು ಒಂದೇ ಉಪಾಯ. ಯಾವ ಕೂಟವೇ ಆಗಲಿ, ಅದು ಆಡಿದ ಪೊಸೆಷನ್‌ಗಳಿಗೆ ಇನ್ನೂ 200 ಸೊನ್ನೆ ಪೊಸೆಷನ್ (ಹಾಕಿದ್ದೂ ಬಿಟ್ಟಿದ್ದೂ ಸಮ ಎಂದು ಹಿಡಿದದ್ದು) ಸೇರಿಸಿ ಭಾಗಿಸುವುದು. 42 ಪೊಸೆಷನ್‌ನ ಪ್ಲಸ್ 9 ಈಗ 242ಕ್ಕೆ ಹಂಚಿ ನೂರಕ್ಕೆ 3.7 ಆಗುತ್ತದೆ, 21.4ರ ಜಂಬ ಇಳಿಯಿತು. 4 ಮತ್ತು 9ರ ಮೈನಸ್ 17 ಈಗ 350ಕ್ಕೆ, ಮೈನಸ್ 4.9. ಹೆಚ್ಚು ಆಡಿದವರ ಅಂಕಿ ಕಡಿಮೆ ಕುಗ್ಗುತ್ತದೆ, ಕಡಿಮೆ ಆಡಿದವರದ್ದು ಪೂರಾ ಕುಗ್ಗುತ್ತದೆ. 200 ಎಂಬುದು ನನ್ನ ಅಂದಾಜು. ನೀವು 150 ಇಟ್ಟುಕೊಂಡರೂ ಜಗಳವಿಲ್ಲ, ವರ್ಷದ ನಡುವೆ ಬದಲಾಯಿಸದಿದ್ದರೆ ಸಾಕು.

ಬೆರೆಸಿದ ಮೇಲೂ ಎದ್ದು ಕಾಣುವ ಎರಡು ಮೂರು ಜೋಡಿಗಳನ್ನು ಬರೆದಿಟ್ಟುಕೊಂಡು ಪ್ರಾಕ್ಟೀಸಿಗೆ ಹೋಗಿ. ಇಲ್ಲಿ 2015ರ ಎನ್‌ಬಿಎ ಫೈನಲ್ಸ್ ನೆನಪಾಗುತ್ತದೆ. ಗೋಲ್ಡನ್ ಸ್ಟೇಟ್ ವಾರಿಯರ್ಸ್ 1-2ರಲ್ಲಿ ಹಿಂದೆ ಇತ್ತು. ಕೋಚ್ ಸ್ಟೀವ್ ಕೆರ್ ಅವರ ಸಹಾಯಕ ನಿಕ್ ಯುರೆನ್, ಹಿಂದಿನ ವರ್ಷದ ಫೈನಲ್ಸ್ ವಿಡಿಯೋ ನೋಡುತ್ತಿದ್ದವರು, ಎತ್ತರದ ಸೆಂಟರ್ ಬೋಗಟ್ ಬದಲು ಇಗುಡಾಲಾ ಅವರನ್ನು ಶುರುವಿನಲ್ಲೇ ಇಳಿಸೋಣ ಎಂದರು. ನಾಲ್ಕನೇ ಮ್ಯಾಚಿನಲ್ಲಿ ಇಳಿಸಿದರು. ಎದುರಾಳಿ ಕ್ಲೀವ್‌ಲ್ಯಾಂಡ್ ಮೊದಲ ಏಳು ಪಾಯಿಂಟುಗಳನ್ನು ತಾನೇ ಹಾಕಿತು. ಆ ಹೊತ್ತಿಗೆ ನಮ್ಮ ನೋಟ್‌ಬುಕ್ಕಿನಲ್ಲಿ ಆ ಕೂಟ ಮೈನಸ್ 7. ಕೆರ್ ಆ ಯೋಚನೆಯನ್ನು ಬಿಡಲಿಲ್ಲ. ಮ್ಯಾಚು 103-82ಕ್ಕೆ ಮುಗಿಯಿತು, ಸರಣಿ 4-2ರಲ್ಲಿ ಅವರದಾಯಿತು, ಇಗುಡಾಲಾ ಫೈನಲ್ಸ್‌ನ ಅತ್ಯುತ್ತಮ ಆಟಗಾರ.

ಹೊಸ ಜೋಡಿಯನ್ನು ಪ್ರಯತ್ನಿಸುವಾಗ ಎರಡನೇ ಕ್ವಾರ್ಟರ್ ಒಳ್ಳೆಯ ಜಾಗ: ಎದುರಾಳಿ ಇನ್ನೂ ಗಂಭೀರವಾಗಿ ಆಡುತ್ತಿರುತ್ತಾರೆ, ತಪ್ಪಿದರೂ ತಿದ್ದಿಕೊಳ್ಳಲು ಸಮಯ ಇರುತ್ತದೆ. ನಾಲ್ಕು ನಿಮಿಷ ಇಳಿಸಿ. ಮೊದಲ ಎರಡು ಬಾಸ್ಕೆಟ್ ಬಿಟ್ಟ ಕೂಡಲೇ ಎಳೆದುಕೊಳ್ಳುವುದಾದರೆ ಇಳಿಸಲೇಬೇಡಿ.

ನೋಟ್‌ಬುಕ್ಕನ್ನು ಮಕ್ಕಳಿಗೆ ತೋರಿಸಬೇಕೇ ಎಂದು ಹಲವರು ಕೇಳುತ್ತಾರೆ. ಒಬ್ಬೊಬ್ಬರ ಪ್ಲಸ್-ಮೈನಸ್ ಗೋಡೆಗೆ ಅಂಟಿಸಬೇಡಿ. ಹದಿನಾಲ್ಕು ವರ್ಷದ ಹುಡುಗಿ ಮೈನಸ್ 12 ಎಂಬುದನ್ನು ತನ್ನ ಮಾರ್ಕ್ಸ್ ಕಾರ್ಡ್ ಎಂದೇ ಓದುತ್ತಾಳೆ, ಹಾರಾಟ, ವರ್ಗಮೂಲ ಎಲ್ಲ ಅವಳ ತಲೆಗೆ ಹೋಗುವುದಿಲ್ಲ. ಜೋಡಿಯನ್ನು ಕೂರಿಸಿಕೊಂಡು, "ನೀವಿಬ್ಬರೂ ಇದ್ದಾಗ ರೀಬೌಂಡ್ ಯಾಕೆ ಹೋಗುತ್ತಿದೆ?" ಎಂದು ಕೇಳಿ. ನಮ್ಮ 7ನೇ ನಂಬರಿನವಳಿಗೆ ಅವಳ ಪ್ಲಸ್ 11 ನಾನು ಹೇಳಿಲ್ಲ. ಒಂದೇ ಮ್ಯಾಚಿನ ಅಂಕಿ ಅದು, 42 ಪೊಸೆಷನ್‌ನ ಚಿನ್ನದಂಥದ್ದೇ. ಮುಂದಿನ ಐದು ಮ್ಯಾಚು ಅವಳನ್ನು ಶುರುವಿನಲ್ಲೇ ಇಳಿಸಿದೆ, ಪುಸ್ತಕ ಬರೆಯುವವಳು ಬೆಂಚಿನಲ್ಲಿ ಅದೇ ಜಾಗದಲ್ಲಿ ಕೂತಳು. ಕಾಲು ವಾಸಿಯಾದ ಮೇಲೆ ಅವಳೂ ಆಡಲು ಇಳಿದಳು, ಈಗ ಬರೆಯಲು ಅವಳ ತಮ್ಮ ಬರುತ್ತಾನೆ; ಫ್ರೀ ಥ್ರೋ ಯಾರ ಖಾತೆಗೆ ಎಂದು ಪ್ರತಿ ಮ್ಯಾಚಿನಲ್ಲೂ ಒಮ್ಮೆ ಕೇಳುತ್ತಾನೆ.